ಗುರುತಿನ ಕರೆ

ವಿಡಿಯೋ ಕರೆ ತೆರೆದುಕೊಂಡಾಗ, ಗುರುತಿನ ಚೀಟಿಯನ್ನು ಗಲ್ಲದ ಕೆಳಗೆ ಹಿಡಿದು ಕೂತಿದ್ದವಳು ತಪಾಸಣೆಗಾರನ ಹೆಂಡತಿ. ಅವನನ್ನು ಕಂಡು ಅವಳ ಮುಖ ಬಿಳಿಚಿತು, ಆದರೆ ಕರೆ ಕತ್ತರಿಸಲಿಲ್ಲ. ಅವನೂ ಕತ್ತರಿಸುವಂತಿರಲಿಲ್ಲ, ಎಲ್ಲ ರೆಕಾರ್ಡ್ ಆಗುತ್ತಿತ್ತು.

ಹಲವು ಕ್ರಿಪ್ಟೋ ಹಣದ ಕಂಪನಿಗಳಿಗೆ ಗ್ರಾಹಕರ ಗುರುತು ಪರೀಕ್ಷಿಸಿಕೊಡುವ ಕಚೇರಿ ಅವನದು. ಆ ಹಣದ ಬಹಿರಂಗ ಲೆಕ್ಕಪುಸ್ತಕವಾದ ಬ್ಲಾಕ್‌ಚೈನಿನಲ್ಲಿ ಒಂದು ಖಾತೆಗೆ ಚೂರು ಚೂರಾಗಿ ಹಣ ಸೇರುವುದನ್ನು ಯಾರು ಬೇಕಾದರೂ ನೋಡಬಹುದಿತ್ತು. ಖಾತೆ ಯಾರದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅನುಮಾನಾಸ್ಪದ ಎಂದು ಬರೆದು ಅದರ ಒಡೆಯರನ್ನು ಈ ಕರೆಗೆ ಎಳೆದು ತಂದವನು ಅವನೇ.

"ಹಣ ಎಲ್ಲಿಂದ ಬಂತು, ಮೇಡಂ?" ಮದುವೆಯಾದ ಮೇಲೆ ಅವನು ಅವಳನ್ನು ಇಷ್ಟು ಮರ್ಯಾದೆಯಿಂದ ಮಾತಾಡಿಸಿದ್ದು ಇದೇ ಮೊದಲು.

"ಅನುವಾದದ ಕೆಲಸ ಮಾಡ್ತೀನಿ, ಸರ್. ಬ್ಯಾಂಕಿಗೆ ಹಾಕಿದ್ರೆ ಮನೆಯವರು ಕಿತ್ಕೊಳ್ತಾರೆ."

"ಈಗ ಆ ಹಣ ಯಾಕೆ ತೆಗೀತಿದೀರಿ?"

"ಬೇರೆ ಮನೆಗೆ ಅಡ್ವಾನ್ಸ್ ಕೊಡ್ಬೇಕು."

ನಿಯಮದ ಪ್ರಕಾರ ಇನ್ನೊಂದು ಪ್ರಶ್ನೆ ಉಳಿದಿತ್ತು. ಅವನು ಅವಳ ಮುಖ ನೋಡದೆ ಓದಿದ:

"ಇದನ್ನ ಮಾಡೋಕೆ ಯಾರಾದ್ರೂ ನಿಮ್ಮನ್ನ ಬಲವಂತ ಮಾಡ್ತಿದಾರಾ?"

"ಇಲ್ಲ ಸರ್," ಎಂದಳು ಅವಳು. "ಇದೊಂದಕ್ಕೆ ಮಾತ್ರ ಯಾರ ಬಲವಂತಾನೂ ಇಲ್ಲ."