ಎಡ ಭುಜದ ಮೇಲಿನ ಸೀರೆ

ವ್ಯಾಪಾರ ಕಲಿಸುವ ಪುಸ್ತಕ ಓದಿ ಮುಗಿಸಿದರೆ ಬರೆದವರ ಕೈಚಳಕ, ಮಾತಿನ ಧಾಟಿ ಓದಿದವರ ಮೈಗೆ ಹತ್ತಿಕೊಳ್ಳುವುದು ಈಗ ಮಾಮೂಲು. ಗದಗಿನ ಸೀರೆ ಅಂಗಡಿಗೆ ಹೊಸದಾಗಿ ಸೇರಿದ ಸುವರ್ಣಾ ಓದಿದ್ದು ಸೀರೆ ಮಾರುತ್ತಿದ್ದ, ನೀಲವ್ವನ ತೀರಿಹೋದ ಗಂಡ ಬರೆದ ಪುಸ್ತಕ. ಅದಕ್ಕೇ ನೀಲವ್ವ ಬಂದಿದ್ದಳು.

ಸುವರ್ಣಾ ಇಳಕಲ್ ಸೀರೆ ಬಿಡಿಸಿ ತನ್ನ ಎಡ ಭುಜದ ಮೇಲೇ ಹಾಕಿಕೊಂಡಳು. ಕಿರುಬೆರಳಿನಿಂದ ಸೆರಗು ನೇವರಿಸಿ, ಕತ್ತು ವಾಲಿಸಿ ನಕ್ಕಳು.

"ತೊಗೊಳ್ಳೋದು ಆಮ್ಯಾಲ ಇರ್ಲಿರಿ. ಮೊದಲ ಕಣ್ತುಂಬ ನೋಡ್ರಿ."

ನೀಲವ್ವ ನೋಡಿದಳು: ಗಂಡನದೇ ಕಿರುಬೆರಳು, ಗಂಡನದೇ ನಗು.

"ಇನ್ನೊಂದು ತೋರ್ಸವಾ."

ಗಾದಿಯ ತುಂಬ ಸೀರೆ ರಾಶಿ ಬಿತ್ತು. ನೀಲವ್ವ ಒಂದನ್ನೂ ಕೊಳ್ಳದೆ ಎದ್ದಳು. ಸುವರ್ಣಾ ಬೇಸರಿಸದೆ, ಅವನಂತೆಯೇ, ಬಾಗಿಲವರೆಗೂ ಬಂದು ಕೈಮುಗಿದಳು.

"ಮತ್ತ ಬರ್ರಿ."

ನೀಲವ್ವ ಆ ಕಿರುಬೆರಳನ್ನು ಮೆಲ್ಲಗೆ ಹಿಡಿದುಕೊಂಡಳು.

"ನೀವ ಬರ್ರಿ," ಎಂದಳು. "ಮನೀಗೆ."