ಆರನೆಯ ಗಂಟು

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಫೋನು ಕೆಳಗಿಟ್ಟು ಎದ್ದು ಹೋಗಿ. ಹಗ್ಗದಲ್ಲಿ ಉಳಿದಿದ್ದದ್ದು ಐದೇ ಗಂಟು. ದೋಣಿಯವನೇ ಒಪ್ಪಿಕೊಂಡ ಮಾತು, ಅದೂ ತಲೆ ಕೆರೆದುಕೊಂಡು.

ಜಲಾಶಯದ ನಡುವೆ ದೋಣಿ ನಿಂತಿತ್ತು. ನೀರು ಪರೀಕ್ಷೆಯ ಮೇಡಂ ಕಪ್ಪು ಬಿಳಿ ಬಳಿದ ತಟ್ಟೆಯನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದರು. ಅರ್ಧ ಮೀಟರಿಗೊಂದು ಗಂಟು. ತಟ್ಟೆ ಎಷ್ಟು ಆಳಕ್ಕೆ ಕಾಣುತ್ತದೋ ನೀರು ಅಷ್ಟು ತಿಳಿ. ಹತ್ತು ವರ್ಷದಿಂದ ಅದು ಮೂರನೇ ಗಂಟಿಗೇ ಪಾಚಿಯಲ್ಲಿ ಮಾಯ. ಈ ಸಲ ಆರನೆಯದಕ್ಕೂ ಕಾಣಬೇಕು, ಇಲ್ಲದಿದ್ದರೆ ಹೊಲದ ಗೊಬ್ಬರ, ಮಣ್ಣು ಜಲಾಶಯಕ್ಕೆ ಇಳಿಯದ ಹಾಗೆ ಹೊಳೆದಂಡೆಯಲ್ಲಿ ಬೆಳೆಸಿದ ಹುಲ್ಲಿನ ಪಟ್ಟಿಯನ್ನು ಮತ್ತೆ ಉತ್ತುಬಿಡಿ ಎಂದಿದ್ದರು ಆಫೀಸಿನವರು. ಆ ಪಟ್ಟಿಗೆಂದು ಮೊದಲು ಹತ್ತು ಹೆಜ್ಜೆ ಹೊಲ ಬಿಟ್ಟವಳು ದೋಣಿಯವನ ಅಕ್ಕ. ಕಾಲಿಗೆ ಬಿದ್ದು ಬಿಡಿಸಿದವನು ಇವನು. ಸೋತರೆ ಆ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ.

“ನಾಲ್ಕು... ಐದು. ಇನ್ನೂ ಕಾಣ್ತಿದೆ ಕಣಯ್ಯ. ಹಗ್ಗ ಬಿಡು.”

“ಹಗ್ಗ ಅಷ್ಟೇ ಮೇಡಂ.”

“ಎಂಟು ಗಂಟಿತ್ತಲ್ಲ?”

“ಮೂರು ಕತ್ತರಿಸ್ಕೊಂಡೆ. ಒಂದಿನಾನೂ ನೆನೆದಿರ್ಲಿಲ್ಲ, ಸುಮ್ನೆ ಬಿದ್ದಿತ್ತು. ಅಕ್ಕನ ಕರು ಕಟ್ಟೋಕೆ ಕೊಟ್ಟೆ.”

ಮೇಡಂ ಸೂರ್ಯನನ್ನು ನೋಡಿದರು. “ಬಿಸಿಲು ಓರೆಯಾದ್ರೆ ಇವತ್ತಿನ ಅಳತೆ ನಡೆಯಲ್ಲ. ಇವತ್ತೇ ಕಡೇ ದಿನ.”

ದೋಣಿಯವನು ಹುಟ್ಟು ಮುರಿಯುವ ಹಾಗೆ ದಡಕ್ಕೆ ಎಳೆದ. ದಡದಲ್ಲಿ ಅಕ್ಕ ಎಲ್ಲ ಕೇಳಿ ಕರುವಿನ ಕೊರಳಿಗೆ ಕೈ ಹಾಕಿದಳು. “ಹೊಲ ಬಿಡಿಸಿದೋನೂ ನೀನೇ, ಹಗ್ಗ ಕತ್ತರಿಸಿದೋನೂ ನೀನೇ. ಸರಿ ಅತ್ಲಾಗೆ, ನಾನೇ ನೋಡ್ತೀನಿ.” ಹಗ್ಗ ಬಿಚ್ಚಿಕೊಂಡು ದೋಣಿ ಹತ್ತಿಯೇಬಿಟ್ಟಳು.

ಮತ್ತೆ ನಡುನೀರಿಗೆ ಬಂದು ಹಗ್ಗ ಕೂಡಿಸಿದರು. ಕೂಡಿಸುವಾಗ ಕಡಿಮೆಯಾದ ಗೇಣುದ್ದವನ್ನು ಮೇಡಂ ಟೇಪು ಹಿಡಿದು ಸರಿಮಾಡಿದರು. ಆರನೆಯ ಗಂಟು ಮುಳುಗಿತು. ಮೂರೂ ತಲೆ ಒಂದೇ ಕಡೆ ಬಗ್ಗಿ ದೋಣಿ ವಾಲಿತು. ಕೆಳಗೆ ತಟ್ಟೆ ಬೆಳ್ಳಗೆ ನಗುತ್ತಿತ್ತು. ಏಳನೆಯದೂ ಮುಳುಗಿತು. ತಟ್ಟೆಯ ಮೇಲೆ ಒಂದು ಮೀನು ಹಾದುಹೋದದ್ದು, ಅದರ ಬಾಲ ಅಲ್ಲಾಡಿದ್ದು ಕೂಡ ಕಂಡಿತು. ಮೇಡಂ ಬರೆಯುವುದು ಬಿಟ್ಟು ಕನ್ನಡಕ ಒರೆಸಿಕೊಂಡರು. ದೋಣಿಯವನು ಅಕ್ಕನ ಮುಖವನ್ನೇ ನೋಡುತ್ತಿದ್ದ.

ಅಕ್ಕ ನೀರಿನಿಂದ ಕಣ್ಣು ತೆಗೆಯಲಿಲ್ಲ. “ಹತ್ತು ಹೆಜ್ಜೆ ಸಾಕೇನೋ, ಇನ್ನೂ ಐದು ಬಿಡ್ಲಾ?” ಎಂದಳು. “ಆದ್ರೆ ಕರುಗೆ ಹೊಸ ಹಗ್ಗ ನೀನೇ ತರ್ಬೇಕು.”

ಹೊಳೆದಂಡೆಯಲ್ಲಿ ಹೊಲ ಇರುವ ಯಾರಾದರೂ ಗೊತ್ತಿದ್ದರೆ ಇದನ್ನು ಕಳಿಸಿ. ಕಳಿಸುವಾಗ ಒಂದು ಗಂಟೂ ಕತ್ತರಿಸಬೇಡಿ.