ರಸ್ತೆಬದಿಯ ಸಂಸಾರ

ಕಾರು ಇನ್ನೂ ಅಲ್ಲೇ ಇತ್ತು.

ಸುಹಾಸಿನಿ ಪರದೆ ಸರಿಸಿ ಮತ್ತೊಮ್ಮೆ ನೋಡಿದಳು. ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ಅವರ ಬಡಾವಣೆಯಲ್ಲಿ ಹುಲ್ಲು ಕೂಡ ಹೇಳಿದಷ್ಟೇ ಬೆಳೆಯುತ್ತದೆ. ಅಂಥ ಕಡೆ, ಸರಿಯಾಗಿ ತನ್ನ ಮನೆಯೆದುರಿಗೇ, ಬೆಳಗಿನಿಂದ ಈ ತುಕ್ಕು ಹಿಡಿದ ಡಕೋಟ. ಹಿಂದಿನ ಸೀಟಿನಲ್ಲಿ ಮುದುರಿದ ಹಾಸಿಗೆ, ಡ್ಯಾಶ್‌ಬೋರ್ಡಿನ ಮೇಲೆ ಒಣಹಾಕಿದ ಕಾಲುಚೀಲ. ಅಂಚೆ ತರಲು ಹೋದಾಗ ಹತ್ತಿರದಿಂದಲೇ ಕಂಡಿದ್ದಳು. ಮುಂದಿನ ಸೀಟಿನಲ್ಲಿ ತೊಂಬತ್ತರ ಆಸುಪಾಸಿನ ಬಿಳಿಯ ಮುದುಕಿ. ಗಲ್ಲದ ಮೇಲೆ ಸೂಪಿನ ಕಲೆ. ಕಿಟಕಿಯ ಮೇಲಿಟ್ಟ ಕೈಯಲ್ಲಿ ಹೆಬ್ಬೆರಳಿಗೆ ಅಂಟಿಕೊಂಡ ಇನ್ನೊಂದು ಪುಟ್ಟ ಬೆರಳು. ಆ ಕೈ ಎತ್ತಿ ಮುದುಕಿ ನಕ್ಕಾಗ ಸುಹಾಸಿನಿ ಮುಖ ತಿರುಗಿಸಿ ಸರಸರ ಒಳಗೆ ಬಂದುಬಿಟ್ಟಿದ್ದಳು.

"ಬಿಡೇ, ಸುಮ್ನೆ ಪಾರ್ಕ್ ಮಾಡ್ಕೊಂಡಿದಾರೆ," ಎಂದ ಗಂಡ ಚಂದ್ರಮೌಳಿ.

"ಇವತ್ತು ಶನಿವಾರ, ಸಂಜೆ ಅಷ್ಟು ಜನ ಫೋಟೋ ನೋಡಕ್ಕೆ ಬರ್ತಾರೆ. ಈ ಗಲೀಜು ದಾಟ್ಕೊಂಡು ಬರ್ಬೇಕಾ?"

ಆ ಫೋಟೋ ಇಟಾಸ್ಕಾ ಎಂಬ ಊರಿನ ಹೋಟೆಲೊಂದರಲ್ಲಿ ನಡೆದ ಹರಾಜಿನಲ್ಲಿ ಕೊಂಡದ್ದು. ಮೂವತ್ತರ ದಶಕ, ಅಮೆರಿಕಕ್ಕೆ ಅಮೆರಿಕವೇ ದಿವಾಳಿಯೆದ್ದ ಕಾಲ. ಹೆದ್ದಾರಿ ಬದಿಯಲ್ಲಿ ಕೆಟ್ಟು ನಿಂತ ಕಾರು, ಅದರೊಳಗೇ ಸಂಸಾರ, ಬಾಗಿಲಲ್ಲಿ ಮಗು ಎತ್ತಿಕೊಂಡ ತಾಯಿ. ಆ ತಾಯಿಯ ಕಣ್ಣು ನೋಡಿದಾಗಲೆಲ್ಲ ಸುಹಾಸಿನಿ 'ಅಯ್ಯೋ ಪಾಪ' ಎನ್ನುತ್ತಿದ್ದಳು. ಗೋಡೆಯ ಮೇಲಿನ ಬಡವರು ವಾಸನೆ ಹೊಡೆಯುವುದಿಲ್ಲ.

ಡೋರ್‌ಬೆಲ್ ಸದ್ದಾಯಿತು. ಕ್ಯಾಮೆರಾದಲ್ಲಿ ಗಡ್ಡದವನೊಬ್ಬ, ಅದೇ ಕಾರಿನವನು. ಓಹಾಯೋದಿಂದ ಬಂದಿದ್ದೇವೆ, ನಮ್ಮಜ್ಜಿ ಐದೇ ನಿಮಿಷ ಒಳಗೆ ಬರಬಹುದೇ ಎಂದು ಕೇಳಿದ. ಇನ್ನೇನು, ಬಾತ್‌ರೂಮಿಗೆ. ನಿನ್ನೆಯಷ್ಟೇ ಉಜ್ಜಿ ಹೊಳೆಸಿದ ಬಾತ್‌ರೂಮು. ಅವನು ಇನ್ನೂ ಏನೋ ಹೇಳುತ್ತಿರುವಾಗಲೇ ಸುಹಾಸಿನಿ ಪೊಲೀಸರಿಗೆ ಫೋನ್ ಮಾಡಿದಳು.

ಪೊಲೀಸರು ಬಂದರು. ಕಾರು ಕೆಮ್ಮುತ್ತಾ ಹೊರಟುಹೋಯಿತು. ಅದು ನಿಂತಿದ್ದ ಜಾಗಕ್ಕೆ ಸುಹಾಸಿನಿ ಪೈಪು ಹಿಡಿದು ನೀರು ಬಿಟ್ಟಳು.

ಸಂಜೆ ಮನೆ ತುಂಬ ಜನ, ಪಕೋಡ, ಕಾಫಿ. ಫೋಟೋದ ಮುಂದೆ ಎಲ್ಲರೂ ದನಿ ತಗ್ಗಿಸಿದರು.

"ಪಾಪ, ಇವ್ರ ಕಡೆಯವ್ರು ಯಾರೂ ಸಿಗ್ಲಿಲ್ವೇನಮ್ಮ?" ಎಂದರು ಹಿರಿಯರಾದ ಪ್ರಭಾವತಿ ಆಂಟಿ.

"ಫೇಸ್‌ಬುಕ್ಕಲ್ಲಿ ಫೋಟೋ ಹಾಕಿದೆ ಆಂಟಿ, ಅಡ್ರೆಸ್ ಸಮೇತ. ಈ ಸಂಸಾರದವ್ರು ಯಾರೇ ಇದ್ರೂ ಶನಿವಾರ ಬನ್ನಿ, ನಮ್ಮನೆ ಬಾಗಿಲು ತೆಗೆದೇ ಇರತ್ತೆ ಅಂತ ಬರೆದಿದ್ದೆ." ಸುಹಾಸಿನಿ ಕಣ್ಣೊರೆಸಿಕೊಂಡಳು. "ಯಾರೂ ಬರ್ಲಿಲ್ಲ."

ಪ್ರಭಾವತಿ ಆಂಟಿ ಕನ್ನಡಕ ಏರಿಸಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು.

"ಅದೃಷ್ಟದ ಮಗು ಕಣಮ್ಮ. ಕೈ ನೋಡು, ಆರು ಬೆರಳು."